ಭಾಗವಾದೀತೆ, ಶೇಷ ಉಳಿದೀತೆ?

ಸಂಸಾರವೆಂದ ಮೇಲೆ ಹಂಚಿಕೊಳ್ಳುವುದು ಇದ್ದೇ ಇರುತ್ತದೆ. ತೋಟದ ಕಾಯಿ, ಆಲೆಮನೆಯ ಬೆಲ್ಲ, ಹಬ್ಬದ ದಿನದ ಒಬ್ಬಟ್ಟು, ಕೊನೆಗೆ ಹಿರಿಯರು ಬಿಟ್ಟುಹೋದ ಜಮೀನು, ಎಲ್ಲವೂ ಒಂದಲ್ಲ ಒಂದು ದಿನ ಪಾಲಾಗುವಂಥವೇ. ಹೀಗೆ ಪಾಲು ಮಾಡುವಾಗ ಜಗಳ ಎಲ್ಲಿ ಹುಟ್ಟುತ್ತದೆಂಬುದನ್ನು ನೀವು ಗಮನಿಸಿದ್ದೀರಾ? ಸಮವಾಗಿ ಬಂದ ಪಾಲಿಗೆ ಯಾರೂ ತಕರಾರು ಮಾಡುವುದಿಲ್ಲ. ಪಾಲು ಹಾಕಿ ಮಿಕ್ಕ ಚೂರು ಯಾರಿಗೆ ಸೇರಬೇಕೆಂಬಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಗಣಿತದವರು ಈ ಚೂರನ್ನು ಶೇಷವೆಂದು ಕರೆಯುತ್ತಾರೆ.

ಒಂದು ಸಂಖ್ಯೆ ಇನ್ನೊಂದರಿಂದ ಶೇಷವಿಲ್ಲದೆ ಭಾಗವಾಗುವುದೋ ಇಲ್ಲವೋ ಎಂಬುದನ್ನು, ಭಾಗಾಕಾರ ಮಾಡದೆಯೇ, ಅಂಕೆಗಳನ್ನು ನೋಡಿ ಹೇಳಿಬಿಡಬಹುದು. ಇದಕ್ಕಾಗಿ ಕೆಲವು ಪರೀಕ್ಷೆಗಳಿವೆ. ಇವನ್ನು ಶಾಲೆಯಲ್ಲಿ ಕಲಿತು ಮರೆತವರೇ ನಮ್ಮಲ್ಲಿ ಹೆಚ್ಚು. ಕಾರಣ ತಿಳಿಯದೆ ಬಾಯಿಪಾಠ ಮಾಡಿದ್ದು ಬಹುಕಾಲ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿಯೊಂದು ಪರೀಕ್ಷೆಯ ಜೊತೆಗೆ ಅದರ ಕಾರಣವನ್ನೂ ಇಲ್ಲಿ ನೋಡೋಣ. ಉದಾಹರಣೆಗಳನ್ನು ದೂರದಿಂದ ತರಬೇಕಾಗಿಲ್ಲ. ಮಳವಳ್ಳಿಯ ಜಮೀನು, ಮದ್ದೂರಿನ ಎಳನೀರು, ಮಂಡ್ಯದ ಕಬ್ಬು ಇಷ್ಟಿದ್ದರೆ ಸಾಕು. ಒಂದು ಸೀಸದ ಕಡ್ಡಿ, ಒಂದು ಚೂರು ಕಾಗದ ಹತ್ತಿರ ಇಟ್ಟುಕೊಳ್ಳಿ.

ನೂರ ಅರವತ್ತೆಂಟು ಗುಂಟೆ

ಮಳವಳ್ಳಿ ತಾಲ್ಲೂಕಿನ ಒಂದು ಕುಟುಂಬಕ್ಕೆ ೪ ಎಕರೆ ೮ ಗುಂಟೆ ಜಮೀನಿದೆಯೆಂದು ಇಟ್ಟುಕೊಳ್ಳಿ. ಎಕರೆಗೆ ೪೦ ಗುಂಟೆಯಾದುದರಿಂದ ಒಟ್ಟು ೧೬೮ ಗುಂಟೆಯಾಯಿತು. ಗಂಡುಮಕ್ಕಳು ಮೂವರು, ಹೆಣ್ಣುಮಕ್ಕಳು ಇಬ್ಬರು. ಹಿಂದಿನ ವಾಡಿಕೆಯಂತೆ ಗಂಡುಮಕ್ಕಳಿಗೆ ಮಾತ್ರ ಪಾಲು ಮಾಡಿದ್ದರೆ ಒಬ್ಬೊಬ್ಬರಿಗೆ ೫೬ ಗುಂಟೆ ಬರುತ್ತಿತ್ತು, ಏನೂ ಉಳಿಯುತ್ತಿರಲಿಲ್ಲ. ಆದರೆ ಕಾಲ ಬದಲಾಗಿದೆ. ಮೈಸೂರು ಸಂಸ್ಥಾನ ೧೯೩೩ರಲ್ಲಿಯೇ ಕಾಯಿದೆ ಮಾಡಿ ಹಿಂದೂ ಕುಟುಂಬದ ವಿಭಾಗದಲ್ಲಿ ಹೆಂಗಸರಿಗೂ ಒಂದಿಷ್ಟು ಹಕ್ಕು ಕೊಟ್ಟಿತ್ತು. ೧೯೯೪ರಲ್ಲಿ ಕರ್ನಾಟಕದ ತಿದ್ದುಪಡಿ, ೨೦೦೫ರಲ್ಲಿ ಇಡೀ ದೇಶಕ್ಕೆ ಸಲ್ಲುವ ತಿದ್ದುಪಡಿ ಬಂದ ಮೇಲೆ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಿಗೆ ಸಮನಾದ ಹಕ್ಕು ದೊರೆಯಿತು. ನಮ್ಮ ಲೆಕ್ಕದಲ್ಲಿ ಮೂರಿದ್ದ ಪಾಲು ಐದಾಯಿತು.

೧೬೮ ಐದರಿಂದ ಭಾಗವಾಗುವುದೆ? ಕೊನೆಯ ಅಂಕೆ ೮. ಐದರಿಂದ ಭಾಗವಾಗಬೇಕಾದರೆ ಅದು ೦ ಇಲ್ಲವೆ ೫ ಆಗಿರಬೇಕು. ೮ರಲ್ಲಿ ೫ ಕಳೆದರೆ ೩. ಆದುದರಿಂದ ತಲೆಗೆ ೩೩ ಗುಂಟೆ ಹೋಗಿ ೩ ಗುಂಟೆ ಉಳಿಯುತ್ತದೆ. ಈ ಮೂರು ಗುಂಟೆಯನ್ನು ಆಣೆಗೆ ಇಳಿಸಿ ಹಂಚೋಣವೆಂದರೆ, ಗುಂಟೆಗೆ ೧೬ ಆಣೆಯಂತೆ ೪೮ ಆಣೆ. ತಲೆಗೆ ೯ ಆಣೆ ಹೋಗಿ ಮತ್ತೆ ೩ ಆಣೆ ಉಳಿಯಿತು! ೧೬ನ್ನು ಐದರಿಂದ ಭಾಗಿಸಿದರೆ ಒಂದು ಉಳಿಯುವುದರಿಂದ, ಮೂರು ಗುಂಟೆಯ ಶೇಷ ಮೂರು ಆಣೆಯ ಶೇಷವಾಗಿ ಕಿರಿದಾಯಿತೇ ಹೊರತು ತೀರಲಿಲ್ಲ. ಈ ಮೂರು ಗುಂಟೆಯನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಅದರ ಕಡೆಗೆ ಮತ್ತೆ ಬರೋಣ.

ಕೊನೆಯ ಅಂಕೆಗಳು ಹೇಳುವ ಮಾತು

ಮದ್ದೂರಿನ ಎಳನೀರು ಮಾರುಕಟ್ಟೆ ನಾಡಿಗೆಲ್ಲ ಪರಿಚಿತ. ಅಲ್ಲಿ ಒಂದು ರಾಶಿಯಲ್ಲಿ ೨,೭೩೬ ಕಾಯಿಗಳಿವೆಯೆನ್ನಿ. ಅದನ್ನು ಇಬ್ಬರಿಗೆ ಸಮನಾಗಿ ಕೊಡಬಹುದೆ, ನಾಲ್ವರಿಗೆ, ಎಂಟು ಮಂದಿಗೆ?

ಹತ್ತು ಕಾಯಿಯನ್ನು ಇಬ್ಬರಿಗೂ ಹಂಚಬಹುದು, ಐವರಿಗೂ ಹಂಚಬಹುದು. ಹತ್ತರ ಗುಂಪು ಎಷ್ಟಾದರೂ ಇರಲಿ, ಅವೆಲ್ಲ ಶೇಷವಿಲ್ಲದೆ ಹೋಗುತ್ತವೆ. ಉಳಿಯುವುದು ಬಿಡಿಸ್ಥಾನದ ಅಂಕೆ ಮಾತ್ರ. ಆದುದರಿಂದ ೨, ೫, ೧೦ ಇವುಗಳಿಗೆ ಕೊನೆಯ ಒಂದು ಅಂಕೆ ನೋಡಿದರೆ ಸಾಕು. ನಮ್ಮ ರಾಶಿ ಇಬ್ಬರಿಗೆ ಸಮನಾಗುತ್ತದೆ. ಐವರಿಗೆ ಹಂಚಿದರೆ ಒಂದು ಕಾಯಿ ಮಿಕ್ಕುತ್ತದೆ.

ಹತ್ತನ್ನು ನಾಲ್ವರಿಗೆ ಹಂಚಲಾಗದು, ಆದರೆ ನೂರನ್ನು ಹಂಚಬಹುದು, ತಲೆಗೆ ಇಪ್ಪತ್ತೈದರಂತೆ. ಹೀಗಾಗಿ ನಾಲ್ಕಕ್ಕೆ ಕೊನೆಯ ಎರಡು ಅಂಕೆ ನೋಡಬೇಕು. ೩೬ ನಾಲ್ಕರಿಂದ ಭಾಗವಾಗುತ್ತದೆ. ಆದುದರಿಂದ ೨,೭೩೬ ಕೂಡ ಆಗುತ್ತದೆ. ಎಂಟು ಮಂದಿಗಾದರೆ ನೂರೂ ಸಾಲದು, ಸಾವಿರ ಬೇಕು. ಸಾವಿರವೆಂದರೆ ೧೨೫ರ ಎಂಟರಷ್ಟು. ಕೊನೆಯ ಮೂರು ಅಂಕೆ ೭೩೬, ಅದು ೯೨ರ ಎಂಟರಷ್ಟು. ಎಂಟು ಮಂದಿಯೂ ಸಂತೋಷವಾಗಿ ಮನೆಗೆ ಹೋಗಬಹುದು.

ಅಧಿಕ ವರ್ಷವನ್ನು ಗುರುತಿಸುವುದೂ ಈ ನಾಲ್ಕರ ಪರೀಕ್ಷೆಯಿಂದಲೇ. ವರ್ಷದ ಕೊನೆಯ ಎರಡು ಅಂಕೆ ನಾಲ್ಕರಿಂದ ಭಾಗವಾದರೆ ಫೆಬ್ರವರಿಗೆ ೨೯ ದಿನ. ಶತಮಾನದ ವರ್ಷಗಳಿಗೆ ಮಾತ್ರ ಪರೀಕ್ಷೆ ಬಿಗಿಯಾದುದು. ಅವು ೪೦೦ರಿಂದ ಭಾಗವಾಗಬೇಕು. ಆದ್ದರಿಂದ ೧೯೦೦ ಅಧಿಕ ವರ್ಷವಾಗಲಿಲ್ಲ, ೨೦೦೦ ಆಯಿತು, ೨೧೦೦ ಆಗುವುದಿಲ್ಲ.

ಒಂಬತ್ತರ ಚಮತ್ಕಾರ

ಈಗ ಅದೇ ಎಳನೀರು ರಾಶಿಯನ್ನು ಒಂಬತ್ತು ಮಂದಿಗೆ ಹಂಚೋಣ. ಇಲ್ಲಿ ಕೊನೆಯ ಅಂಕೆ ಏನೂ ಹೇಳದು. ಎಲ್ಲ ಅಂಕೆಗಳನ್ನೂ ಕೂಡಬೇಕು. ೨+೭+೩+೬ ಕೂಡಿದರೆ ೧೮. ಅದು ಒಂಬತ್ತರಿಂದ ಭಾಗವಾಗುತ್ತದೆ. ಆದುದರಿಂದ ರಾಶಿಯೂ ಭಾಗವಾಗುತ್ತದೆ. ತಲೆಗೆ ೩೦೪ ಕಾಯಿ.

ಇದೇನು ಮಾಟವೆ? ಅಲ್ಲ. ಹತ್ತು ಕಾಯಿಯನ್ನು ಒಂಬತ್ತು ಮಂದಿಗೆ ಹಂಚಿದರೆ ಒಂಬತ್ತು ಹೋಗಿ ಒಂದು ಉಳಿಯುತ್ತದೆ. ನೂರು ಹಂಚಿದರೆ ೯೯ ಹೋಗಿ ಒಂದು. ಸಾವಿರ ಹಂಚಿದರೆ ೯೯೯ ಹೋಗಿ ಒಂದು. ನಮ್ಮ ರಾಶಿಯಲ್ಲಿ ಸಾವಿರಗಳು ಎರಡು, ಅವುಗಳಿಂದ ಉಳಿಕೆ ಎರಡು ಕಾಯಿ. ನೂರುಗಳು ಏಳು, ಉಳಿಕೆ ಏಳು. ಹತ್ತುಗಳು ಮೂರು, ಉಳಿಕೆ ಮೂರು. ಬಿಡಿಯಾಗಿ ಆರು ಇದ್ದೇ ಇವೆ. ಈ ಉಳಿಕೆಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದರೆ ಬರುವುದೇ ಅಂಕೆಗಳ ಮೊತ್ತ! ಆ ಗುಡ್ಡೆ ಒಂಬತ್ತು ಮಂದಿಗೆ ಸಮನಾದರೆ ಇಡೀ ರಾಶಿ ಸಮನಾಯಿತು. ರಾಶಿಯಲ್ಲಿ ೨,೭೪೧ ಕಾಯಿಗಳಿದ್ದರೆ ಮೊತ್ತ ೧೪. ೧+೪ ಸೇರಿಸಿದರೆ ೫. ಐದು ಕಾಯಿ ಮಿಕ್ಕುವುದೆಂದು ಹಂಚುವ ಮೊದಲೇ ತಿಳಿಯಿತು. ಮೂರರ ಪರೀಕ್ಷೆಯೂ ಇದೇ ಮೊತ್ತದಿಂದ ನಡೆಯುತ್ತದೆ, ಏಕೆಂದರೆ ೯, ೯೯, ೯೯೯ ಎಲ್ಲವೂ ಮೂರರಿಂದ ಭಾಗವಾಗುವಂಥವು.

ರೇಡಿಯೋ ಇಟ್ಟುಕೊಂಡವರ ಮನೆಯಲ್ಲಿ ಈ ಪರೀಕ್ಷೆಗೆ ಒಂದು ಸ್ವಾರಸ್ಯವಾದ ಉದಾಹರಣೆಯಿದೆ. ಕರ್ನಾಟಕದ ಆಕಾಶವಾಣಿ ನಿಲಯಗಳು ದಶಕಗಳ ಕಾಲ ಹೆಸರಾದ ಮಧ್ಯಮ ತರಂಗದ ಸಂಖ್ಯೆಗಳನ್ನು ನೆನಪು ಮಾಡಿಕೊಳ್ಳಿ. ಬೆಂಗಳೂರು ೬೧೨ ಕಿಲೋಹರ್ಟ್ಸ್, ಧಾರವಾಡ ೭೬೫, ಭದ್ರಾವತಿ ೬೭೫, ಕಲಬುರಗಿ ೧೧೦೭, ಮಂಗಳೂರು ೧೦೮೯. ಒಂದೊಂದರ ಅಂಕೆಗಳನ್ನೂ ಕೂಡಿ ನೋಡಿ. ೯, ೧೮, ೧೮, ೯, ೧೮! ಇದು ಆಕಸ್ಮಿಕವಲ್ಲ. ಒಂದು ನಿಲಯದ ದನಿ ಇನ್ನೊಂದರ ಮೇಲೆ ಬೀಳದಿರಲೆಂದು, ೧೯೭೫ರಲ್ಲಿ ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಏಷ್ಯ, ಆಫ್ರಿಕ, ಯೂರೋಪುಗಳ ಮಧ್ಯಮ ತರಂಗ ನಿಲಯಗಳಿಗೆ ಒಂಬತ್ತೊಂಬತ್ತು ಕಿಲೋಹರ್ಟ್ಸ್ ಅಂತರವನ್ನು ಗೊತ್ತುಮಾಡಿತು. ೧೯೭೮ರಲ್ಲಿ ಅದು ಜಾರಿಗೆ ಬಂದಿತು. ಸಾಲು ೫೩೧ರಿಂದ ಮೊದಲಾಗುತ್ತದೆ. ೫೩೧ ಸ್ವತಃ ಒಂಬತ್ತರ ಐವತ್ತೊಂಬತ್ತರಷ್ಟು. ಹೀಗಾಗಿ ಈ ಸಾಲಿನ ಎಲ್ಲ ಸಂಖ್ಯೆಗಳೂ ಒಂಬತ್ತರಿಂದ ಭಾಗವಾಗುತ್ತವೆ. ಅಮೆರಿಕದಲ್ಲಿ ಈ ಅಂತರ ಹತ್ತು. ಅಲ್ಲಿಯ ಸಂಖ್ಯೆಗಳು ಸೊನ್ನೆಯಲ್ಲಿ ಮುಗಿಯುತ್ತವೆ.

ರೂಪಾಯಿಯಲ್ಲಿ ಕಳೆದುಹೋದ ಪೈಸೆ

ಶೇಷವೆಂಬುದು ದೊಡ್ಡ ದೊಡ್ಡ ಸರ್ಕಾರಗಳನ್ನೂ ಕಾಡಿದೆ. ಹಿಂದೆ ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈ. ಒಟ್ಟು ೧೯೨ ಪೈ. ಹದಿನಾರನ್ನು ಮೂವರಿಗೆ ಹಂಚಲಾಗದು; ಆದರೆ ಆಣೆಯೊಳಗೆ ಹನ್ನೆರಡು ಪೈ ಇದ್ದುದರಿಂದ ಆ ತೊಂದರೆ ತೀರುತ್ತಿತ್ತು. ೧೯೨ರ ಅಂಕೆಗಳ ಮೊತ್ತ ೧೨, ಆದುದರಿಂದ ಮೂರರಿಂದ ಭಾಗವಾಗುತ್ತದೆ. ಮೂವರಿಗೆ ಹಂಚಿದರೆ ತಲೆಗೆ ೬೪ ಪೈ, ಎಂದರೆ ಐದು ಆಣೆ ನಾಲ್ಕು ಪೈ. ೨, ೩, ೪, ೬, ೮, ೧೨, ೧೬ ಯಾವುದರಿಂದ ಭಾಗಿಸಿದರೂ ಹಳೆಯ ರೂಪಾಯಿ ಶೇಷ ಉಳಿಸುತ್ತಿರಲಿಲ್ಲ.

೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯ ಬಂದು, ರೂಪಾಯಿಗೆ ೧೦೦ ನಯಾ ಪೈಸೆಯಾಯಿತು. ಲೆಕ್ಕ ಬರೆಯುವುದು ಬಹಳ ಸುಲಭವಾಯಿತು. ಆದರೆ ೧೦೦ರ ಅಂಕೆಗಳ ಮೊತ್ತ ಒಂದು. ಮೂವರಿಗೆ ಹಂಚಿದರೆ ಒಂದು ಪೈಸೆ ಉಳಿಯುತ್ತದೆ. ಹಳೆಯದರಿಂದ ಹೊಸದಕ್ಕೆ ಬದಲಾಯಿಸುವಾಗ ತೊಡಕು ಇನ್ನೂ ಹೆಚ್ಚು. ನೂರನ್ನು ಹದಿನಾರರಿಂದ ಭಾಗಿಸಿದರೆ ಆಣೆಗೆ ೬ ಪೈಸೆ ಬಂದು ೪ ಉಳಿಯುತ್ತದೆ. ಅದಕ್ಕಾಗಿ ಕೋಷ್ಟಕ ಮಾಡಿ, ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫ ಪೈಸೆಯೆಂದು ಗೊತ್ತುಮಾಡಿದರು. ಒಂದೊಂದಾಣೆಯ ಸಾಮಾನನ್ನು ಬಿಡಿಬಿಡಿಯಾಗಿ ಹದಿನಾರು ಸಲ ಮಾರಿದ ಅಂಗಡಿಯವನಿಗೆ ಬಂದುದು ೯೬ ಪೈಸೆ. ರೂಪಾಯಿಗೆ ಕೊರತೆಯಾದ ಆ ನಾಲ್ಕು ಪೈಸೆ ಎಲ್ಲಿಗೆ ಹೋಯಿತು? ನೂರನ್ನು ಹದಿನಾರು ಭಾಗ ಮಾಡಿದಾಗ ಉಳಿದ ಶೇಷವೇ ಅದು. ಅಂಗಡಿಯವನು ಕಳೆದುಕೊಂಡಿದ್ದನ್ನು ಗಿರಾಕಿಗಳು ಒಂದಿಷ್ಟಿಷ್ಟೇ ಉಳಿಸಿಕೊಂಡಿದ್ದರು. ಯಾರೂ ಮೋಸ ಮಾಡಲಿಲ್ಲ. ಆದರೂ ಒಬ್ಬನಿಗೆ ನಷ್ಟವಾಯಿತು.

ಕಬ್ಬಿನ ಬಿಲ್ಲನ್ನು ತಾಳೆ ನೋಡುವುದು

ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ೧೯೩೩ರಲ್ಲಿ ಸ್ಥಾಪಿತವಾದಂದಿನಿಂದ ಕಬ್ಬಿನ ತೂಕ, ದರ, ಬಟವಾಡೆ ಎಂಬ ಮಾತುಗಳು ಈ ಸೀಮೆಯ ಮನೆಮಾತಾಗಿವೆ. ಉದಾಹರಣೆಗೆ ಯಾವುದೋ ಒಂದು ಲೆಕ್ಕದಲ್ಲಿ ೩೭ ಟನ್ ಕಬ್ಬು, ಟನ್ನಿಗೆ ೨,೮೪೬ ರೂಪಾಯಿ ಎಂದಿಟ್ಟುಕೊಳ್ಳಿ. ಗುಣಿಸಿದರೆ ೧,೦೫,೩೦೨ ರೂಪಾಯಿ. ಇದು ಸರಿಯೆ?

ಒಂಬತ್ತರ ಪರೀಕ್ಷೆಯನ್ನು ಇಲ್ಲಿ ಇನ್ನೊಂದು ರೀತಿಯಲ್ಲಿ ಉಪಯೋಗಿಸಬಹುದು. ೩೭ರ ಅಂಕೆಗಳ ಮೊತ್ತ ೧೦, ಮತ್ತೆ ಕೂಡಿದರೆ ೧. ೨,೮೪೬ರದು ೨೦, ಮತ್ತೆ ಕೂಡಿದರೆ ೨. ಒಂದನ್ನು ಎರಡರಿಂದ ಗುಣಿಸಿದರೆ ೨. ಉತ್ತರದ ಅಂಕೆಗಳ ಮೊತ್ತ ೧೧, ಮತ್ತೆ ಕೂಡಿದರೆ ೨. ತಾಳೆಯಾಯಿತು. ತಾಳೆಯಾಗದಿದ್ದರೆ ಲೆಕ್ಕ ತಪ್ಪೆಂದು ಖಂಡಿತವಾಗಿ ಹೇಳಬಹುದು. ಸುಮಾರು ಹತ್ತನೆಯ ಶತಮಾನದ ಎರಡನೆಯ ಆರ್ಯಭಟನ ಮಹಾಸಿದ್ಧಾಂತದಲ್ಲಿಯೇ ಈ ತಾಳೆಯ ಕ್ರಮವಿದೆ.

ಆದರೆ ತಾಳೆಯಾಯಿತೆಂದು ಪೂರ್ತಿ ನಿಶ್ಚಿಂತರಾಗಬೇಡಿ. ಬರೆಯುವಾಗ ೩ ಮತ್ತು ೦ ಸ್ಥಳ ಬದಲಾಗಿ ೧,೦೫,೦೩೨ ಎಂದಾಯಿತೆನ್ನಿ. ಅಂಕೆಗಳು ಅವೇ, ಮೊತ್ತವೂ ಅದೇ. ಒಂಬತ್ತು ಈ ತಪ್ಪನ್ನು ಕಾಣಲಾರದು. ರೈತನ ಕೈಗೆ ಮಾತ್ರ ೨೭೦ ರೂಪಾಯಿ ಕಡಮೆ ಬಂದಿತು! ೨೭೦ ಒಂಬತ್ತರಿಂದ ಭಾಗವಾಗುತ್ತದೆಯೆಂಬುದನ್ನು ಗಮನಿಸಿ. ಅಂಕೆಗಳು ಸ್ಥಳ ಬದಲಾಯಿಸಿದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗಿಯೇ ತೀರುತ್ತದೆ. ಆದ್ದರಿಂದ ಎರಡು ಪುಸ್ತಕಗಳ ಲೆಕ್ಕದಲ್ಲಿ ಬಂದ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ, ಮೊದಲು ಅಂಕೆ ಹಿಂದುಮುಂದಾಗಿದೆಯೇ ಎಂದು ಹುಡುಕಬೇಕು. ಅನುಭವಸ್ಥ ಗುಮಾಸ್ತರು ಇದನ್ನು ಬಲ್ಲರು.

ಒಂಬತ್ತು ಕಾಣದ ಈ ತಪ್ಪನ್ನು ಹನ್ನೊಂದು ಕಾಣಬಲ್ಲುದು. ಹತ್ತು ಹನ್ನೊಂದಕ್ಕಿಂತ ಒಂದು ಕಡಮೆ. ನೂರು ತೊಂಬತ್ತೊಂಬತ್ತಕ್ಕಿಂತ ಒಂದು ಹೆಚ್ಚು. ಸಾವಿರ ೧,೦೦೧ಕ್ಕಿಂತ ಒಂದು ಕಡಮೆ. ೧೧, ೯೯, ೧,೦೦೧ ಮೂರೂ ಹನ್ನೊಂದರಿಂದ ಭಾಗವಾಗುವಂಥವು. ಹೀಗೆ ಒಂದು ಸ್ಥಾನದಲ್ಲಿ ಹೆಚ್ಚು, ಮುಂದಿನದರಲ್ಲಿ ಕಡಮೆ ಬರುವುದರಿಂದ, ಬಿಡಿಸ್ಥಾನದಿಂದ ಮೊದಲುಮಾಡಿ ಅಂಕೆಗಳನ್ನು ಒಮ್ಮೆ ಕೂಡಿ ಒಮ್ಮೆ ಕಳೆಯುತ್ತ ಹೋಗಬೇಕು. ಕೊನೆಗೆ ಸೊನ್ನೆಯೋ ಹನ್ನೊಂದರ ಅಪವರ್ತ್ಯವೋ ಬಂದರೆ ಸಂಖ್ಯೆ ಹನ್ನೊಂದರಿಂದ ಭಾಗವಾಗುತ್ತದೆ. ಸೊನ್ನೆಗಿಂತ ಕೆಳಗಿಳಿದರೆ ೧೧ ಸೇರಿಸಿಕೊಳ್ಳಿ. ೩೭ಕ್ಕೆ ೭−೩, ಎಂದರೆ ೪. ೨,೮೪೬ಕ್ಕೆ ೬−೪+೮−೨, ಎಂದರೆ ೮. ನಾಲ್ಕೆಂಟಲ ೩೨, ಅದರಲ್ಲಿ ೨೨ ಕಳೆದರೆ ೧೦. ಉತ್ತರ ೧,೦೫,೩೦೨ಕ್ಕೆ ೨−೦+೩−೫+೦−೧, ಒಂದು ಕೊರತೆ. ೧೧ ಸೇರಿಸಿದರೆ ೧೦. ತಾಳೆಯಾಯಿತು. ತಪ್ಪು ಬರೆದ ೧,೦೫,೦೩೨ಕ್ಕೆ ಮಾಡಿದರೆ ೪ ಬರುತ್ತದೆ, ಕಳ್ಳ ಸಿಕ್ಕಿಬಿದ್ದ!

ಈ ಗುಣಕ್ಕಾಗಿಯೇ ಪುಸ್ತಕಗಳ ಮೇಲೆ ಅಚ್ಚಾಗುವ ಐಎಸ್‌ಬಿಎನ್ ಸಂಖ್ಯೆಗೆ ೨೦೦೭ರವರೆಗೆ ಹನ್ನೊಂದರ ಪರೀಕ್ಷೆಯನ್ನು ಇಟ್ಟಿದ್ದರು. ಹತ್ತು ಅಂಕೆಗಳ ಆ ಸಂಖ್ಯೆಯ ಕೊನೆಯ ಅಂಕೆ ಬರಿಯ ಕಾವಲುಗಾರ. ಹಳೆಯ ಕೆಲವು ಪುಸ್ತಕಗಳಲ್ಲಿ ಅಲ್ಲಿ ರೋಮನ್ ಹತ್ತರ ಗುರುತು ಇರುವುದನ್ನು ನೀವು ನೋಡಿರಬಹುದು. ಹನ್ನೊಂದರ ಲೆಕ್ಕದಲ್ಲಿ ಶೇಷ ಹತ್ತರವರೆಗೂ ಬರುವುದೇ ಅದಕ್ಕೆ ಕಾರಣ.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಇದೆ, ಗುಣಿಸುವ ಕಷ್ಟ ಯಾರಿಗೂ ಇಲ್ಲ. ಆದರೆ ಯಂತ್ರ ನೀವು ಒತ್ತಿದ ಅಂಕೆಗೆ ಉತ್ತರ ಕೊಡುತ್ತದೆ. ಆ ಉತ್ತರವನ್ನು ಕಾಗದಕ್ಕೆ ಇಳಿಸಿದವರ ಕೈ ತಪ್ಪಿದ್ದನ್ನು ಅದು ಅರಿಯದು. ತಾಳೆ ನೋಡುವ ಕೆಲಸ ಈಗಲೂ ನಮ್ಮದೇ.

ಏಳು, ಮತ್ತು ಅರಸರ ಕಂಠಾಭರಣ

ಏಳಕ್ಕೆ ಪರೀಕ್ಷೆಯಿಲ್ಲವೆಂದು ಹಲವರು ತಿಳಿದಿದ್ದಾರೆ. ಇದೆ. ಕೊನೆಯ ಅಂಕೆಯನ್ನು ತೆಗೆದು, ಅದರ ಇಮ್ಮಡಿಯನ್ನು ಉಳಿದ ಸಂಖ್ಯೆಯಿಂದ ಕಳೆಯಬೇಕು. ೧೬೮ರಲ್ಲಿ ೮ ತೆಗೆದರೆ ೧೬; ಎಂಟರ ಇಮ್ಮಡಿಯೂ ೧೬; ಕಳೆದರೆ ಸೊನ್ನೆ. ಏಳರಿಂದ ಭಾಗವಾಗುತ್ತದೆ. ಹೀಗೆ ಮಾಡುವಾಗ ನಾವು ಕೊನೆಯ ಅಂಕೆ ಎಷ್ಟೋ ಅಷ್ಟು ಸಲ ೨೧ನ್ನು ಕಳೆದಂತಾಗುತ್ತದೆ. ೨೧ ಏಳರ ಮೂರರಷ್ಟಾದುದರಿಂದ ಭಾಗವಾಗುವ ಗುಣ ಕೆಡುವುದಿಲ್ಲ. ಎಳನೀರಿನ ೨,೭೩೬ಕ್ಕೆ ಮಾಡಿ ನೋಡಿ. ೨೭೩ರಲ್ಲಿ ೧೨ ಕಳೆದರೆ ೨೬೧, ೨೬ರಲ್ಲಿ ೨ ಕಳೆದರೆ ೨೪, ಏಳರಿಂದ ಭಾಗವಾಗದು. ಒಂದು ಎಚ್ಚರಿಕೆ: ಈ ಪರೀಕ್ಷೆ ಆಗುತ್ತದೆ, ಇಲ್ಲ ಎಂದಷ್ಟೇ ಹೇಳುತ್ತದೆ, ಶೇಷವೆಷ್ಟೆಂದು ಹೇಳದು.

ಇಂಥ ಸಂಖ್ಯೆಗಳ ಸೊಗಸನ್ನು ಕಂಡು ಹಿಗ್ಗಿದವರು ನಮ್ಮ ನಾಡಿನಲ್ಲಿ ಹಿಂದೆಯೇ ಇದ್ದರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ಬರೆದನು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅವನು ಕೊರಳ ಹಾರಗಳೆಂದು ಕರೆದಿದ್ದಾನೆ. ೧೪೨೮೭೧೪೩ನ್ನು ಏಳರಿಂದ ಗುಣಿಸಿದರೆ ೧೦೦೦೧೦೦೦೧. ೧೨೩೪೫೬೭೯ನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳು. ಮನೆಯ ಮಕ್ಕಳಿಗೆ ಈ ಹಾರಗಳನ್ನು ಕೊಟ್ಟು ನೋಡಿ, ಗುಣಾಕಾರ ಬೇಸರವೆನ್ನುವುದಿಲ್ಲ.

ಹಾರಕ್ಕಿಂತ ಹೆಚ್ಚು ಉಪಯುಕ್ತವಾದುದನ್ನೂ ಅವನು ಕೊಟ್ಟಿದ್ದಾನೆ. ಭಿನ್ನರಾಶಿಗಳನ್ನು ಕೂಡುವುದಕ್ಕಾಗಿ ಛೇದಗಳೆಲ್ಲದರಿಂದಲೂ ಭಾಗವಾಗುವ ಅತ್ಯಂತ ಚಿಕ್ಕ ಸಂಖ್ಯೆಯನ್ನು ಹುಡುಕುವ ಕ್ರಮವನ್ನು ಹೇಳಿ, ಅದನ್ನು ನಿರುದ್ಧವೆಂದು ಕರೆದನು. ನಾವು ಶಾಲೆಯಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯವೆಂದು ಕಲಿತುದು ಇದೇ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದು ಲೆಕ್ಕವನ್ನು ಜನರ ಭಾಷೆಗೆ ತಂದನು.

ನಿರುದ್ಧವನ್ನು ತಿಳಿದವನು ಒಂದು ತಪ್ಪಿಗೆ ಬೀಳುವುದಿಲ್ಲ. ಎರಡರಿಂದಲೂ ಮೂರರಿಂದಲೂ ಭಾಗವಾಗುವುದು ಆರರಿಂದ ಭಾಗವಾಗುತ್ತದೆ. ಮೂರರಿಂದಲೂ ನಾಲ್ಕರಿಂದಲೂ ಆಗುವುದು ಹನ್ನೆರಡರಿಂದ ಆಗುತ್ತದೆ. ಹಾಗೆಂದು ಎರಡರಿಂದಲೂ ಆರರಿಂದಲೂ ಆಗುವುದು ಹನ್ನೆರಡರಿಂದ ಆಗಬೇಕಾಗಿಲ್ಲ. ೧೮ನ್ನು ನೋಡಿ! ಎರಡು ಆರರೊಳಗೆ ಆಗಲೇ ಅಡಗಿರುವುದರಿಂದ ಅದು ಹೊಸದಾಗಿ ಏನನ್ನೂ ಹೇಳಲಿಲ್ಲ.

ಆ ಮೂರು ಗುಂಟೆ

ಈಗ ಮಳವಳ್ಳಿಯ ಜಮೀನಿಗೆ ಬರೋಣ. ೧೬೮ ಎಂಬುದು ೨, ೩, ೪, ೬, ೭, ೮ ಎಲ್ಲಕ್ಕೂ ಒಪ್ಪುತ್ತದೆ. ಐದಕ್ಕೆ ಮಾತ್ರ ಒಪ್ಪದು. ಗುಂಟೆಯನ್ನು ಚದರಡಿಗೆ ಇಳಿಸಿದರೂ ತೊಡಕು ತಪ್ಪುವುದಿಲ್ಲ. ಗುಂಟೆಯೆಂದರೆ ೩೩ ಅಡಿ ಉದ್ದ, ೩೩ ಅಡಿ ಅಗಲ. ಒಟ್ಟು ೧,೦೮೯ ಚದರಡಿ. ಮಂಗಳೂರು ನಿಲಯದ ಸಂಖ್ಯೆಯೂ ಇದೇ ಅಲ್ಲವೆ? ಒಂಬತ್ತರಿಂದಲೂ ಹನ್ನೊಂದರಿಂದಲೂ ಭಾಗವಾಗುವ ಈ ಸಂಖ್ಯೆ ಬೆಸಸಂಖ್ಯೆಯಾದುದರಿಂದ ಇಬ್ಬರಿಗೂ ಸಮನಾಗದು; ಹದಿನಾರು ಆಣೆ ಮಾಡಿದರೆ ಆಣೆಗೆ ೬೮ ಚದರಡಿ ಬಂದು ಒಂದು ಚದರಡಿ ಉಳಿಯುತ್ತದೆ. ಅಳತೆಯನ್ನು ಎಷ್ಟು ಸಣ್ಣದು ಮಾಡಿದರೂ ಶೇಷ ಹಿಂಬಾಲಿಸಿಕೊಂಡೇ ಬರುತ್ತದೆ.

ಹಾಗಾದರೆ ದಾರಿಯೇನು? ಯಾರಿಗೆ ಎಷ್ಟು ಪಾಲೆಂಬುದನ್ನು ಕಾಯಿದೆ ಹೇಳಬೇಕು, ಗಣಿತ ಹೇಳಲಾರದು. ಆದರೆ ಮಿಕ್ಕುವುದೆಷ್ಟೆಂಬುದನ್ನು ಅದು ಮೊದಲೇ ಹೇಳಬಲ್ಲುದು. ತಾಯಿಗೂ ಸಮಪಾಲೆಂದು ಮಕ್ಕಳೆಲ್ಲರೂ ಒಪ್ಪಿದರೆ ಪಾಲು ಆರಾಗುತ್ತದೆ. ೧೬೮ ಸಮಸಂಖ್ಯೆ, ಅಂಕೆಗಳ ಮೊತ್ತ ೧೫. ಆದುದರಿಂದ ಆರರಿಂದ ಭಾಗವಾಗುತ್ತದೆ. ತಲೆಗೆ ೨೮ ಗುಂಟೆ, ಶೇಷವಿಲ್ಲ. ಐದೇ ಪಾಲಾಗಬೇಕಾದರೆ ೧೬೫ ಗುಂಟೆಯನ್ನು ಹಂಚಿ, ಉಳಿದ ಮೂರು ಗುಂಟೆಯನ್ನು ಬಾವಿಗೆ, ಕಣಕ್ಕೆ, ಬಂಡ�ಿದಾರಿಗೆ ಎಲ್ಲರ ಸಾಮಾನ್ಯ ಸ್ವತ್ತಾಗಿ ಬಿಡಬಹುದು. ಇಲ್ಲವೆ ಒಬ್ಬರು ತೆಗೆದುಕೊಂಡು ಉಳಿದ ನಾಲ್ವರಿಗೆ ಅದರ ಬೆಲೆಯ ಪಾಲನ್ನು ಕೊಡಬಹುದು. ಯಾವುದಾದರೂ ಆಗಲಿ, ಆ ಮಾತು ಸರಪಳಿ ಹಿಡಿಯುವ ಮೊದಲು ಆಗಬೇಕು. ಕಲ್ಲು ನೆಟ್ಟ ಮೇಲೆ ಕಂಡ ಮೂರು ಗುಂಟೆ ವ್ಯಾಜ್ಯವಾಗುತ್ತದೆ. ಮೊದಲೇ ಕಂಡ ಮೂರು ಗುಂಟೆ ಬಾವಿಯ ಕಟ್ಟೆಯಾಗುತ್ತದೆ.

ನಿಮ್ಮ ಮನೆಯಲ್ಲಿ ಮುಂದಿನ ಸಲ ಏನನ್ನಾದರೂ ಹಂಚುವ ಸಂದರ್ಭ ಬಂದಾಗ ಮೊದಲು ಸಂಖ್ಯೆಯನ್ನು ಕಾಗದದ ಮೇಲೆ ಬರೆಯಿರಿ, ಪಾಲುದಾರರನ್ನು ಎಣಿಸಿ, ಪರೀಕ್ಷೆ ಮಾಡಿ, ಶೇಷವೆಷ್ಟೆಂದು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿ. ಹಂಚುವ ಕೆಲಸ ಆಮೇಲೆ.